ಹುಲಿಗೆಪ್ಪನ ಕಪ್ಪು ಟೇಪು

ಇವತ್ತು ಬೆಳಿಗ್ಗೆ ತಲೆ ಬಾಚಿಕೊಂಡು, ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಹಿತ್ತಲ ಬಾಗಿಲ ಚೌಕಟ್ಟಿನ ಸಂದಿಗೆ ತುರುಕಿದೆ. ಸೊಸೆ ನೋಡಿಬಿಟ್ಟಳು. "ಅತ್ತೆ, ಮತ್ತೆ ಅಲ್ಲೇ ಇಟ್ರಾ? ಡಸ್ಟ್‌ಬಿನ್ ನಿಮ್ ಕಾಲ ಹತ್ರಾನೇ ಇದೆಯಲ್ಲ" ಅಂದಳು. ಇದೆ, ನನಗೂ ಕಾಣುತ್ತದೆ, ಕಣ್ಣೇನೂ ಹೋಗಿಲ್ಲ. ಆದರೆ ಕೈ ಕೇಳಬೇಕಲ್ಲ. ಮದುವೆಯಾಗಿ ಈ ಮನೆಗೆ ಬಂದ ಲಾಗಾಯ್ತು ಉದುರಿದ್ದೆಲ್ಲ ಆ ಸಂದಿಗೇ ಹೋಗಿದೆ. ಆಗ ಒಂದೊಂದು ಉಂಡೆ ನಿಂಬೆಹಣ್ಣಿನ ಗಾತ್ರ ಇರುತ್ತಿತ್ತು, ಈಗ ಹುಣಸೆಬೀಜದಷ್ಟು. ತಲೆಯ ಮೇಲೆ ಇದ್ದರೆ ತಾನೇ ಉದುರುವುದಕ್ಕೆ!

ನಿಮ್ಮ ಮನೆಯಲ್ಲೂ ಇಂಥದ್ದೊಂದು ಸಂದಿ ಇದ್ದೀತು, ನೆನಪು ಮಾಡಿಕೊಳ್ಳಿ. ಹಂಚಿನ ಕೆಳಗೋ, ಗೋಡೆಯ ಬಿರುಕಿನಲ್ಲೋ, ಬಚ್ಚಲ ಕಿಟಕಿಯಲ್ಲೋ ಮನೆಯ ಹೆಂಗಸರೆಲ್ಲ ಕೂದಲು ಕೂಡಿಡುತ್ತಿದ್ದರು. ಕೂದಲಿನವನು ಬಂದಾಗ ಎಲ್ಲ ಕಿತ್ತು ತಂದು ಅವನ ಮುಂದೆ ಸುರಿಯುವುದು. ಅವನು ಅದಕ್ಕೆ ಹೇರ್‌ಪಿನ್ನು, ಸೇಫ್ಟಿಪಿನ್ನು, ಜಡೆಗೆ ಕಟ್ಟುವ ಟೇಪು ಕೊಡುತ್ತಿದ್ದ. ತುಂಬ ಇದ್ದರೆ ಒಂದು ಸಣ್ಣ ಅಲ್ಯುಮಿನಿಯಂ ಪಾತ್ರೆ. ನಮ್ಮೂರಿಗೆ ಬರುತ್ತಿದ್ದವನು ಹುಲಿಗೆಪ್ಪ.

ನಮ್ಮೂರು ಅಂದರೆ ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಬಸ್ಸು ಐದು ನಿಮಿಷ ಜಾಸ್ತಿ ನಿಲ್ಲುವ ಊರು. ಬಸ್ಸು ನಿಲ್ಲುವುದೇ ಪೇಟೆ ಬೀದಿಯಲ್ಲಿ. ಆ ಬೀದಿಯಲ್ಲೇ ನಮ್ಮ ಕಿರಾಣಿ ಅಂಗಡಿ, ಅಂಗಡಿಯ ಹಿಂದೆ ಮನೆ. ಹುಲಿಗೆಪ್ಪನ ಸೈಕಲ್ಲು ಬೀದಿಯ ತಲೆಗೆ ಬರುವಾಗಲೇ ಅವನ ದನಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. "ಕೂದ್ಲಿಗೆ ಪಿನ್ನಾ... ಟೇಪಾ... ಪಾತ್ರೇ..." ಆ "ಪಾತ್ರೇ" ಎಂಬುದನ್ನು ಎಳೆದೂ ಎಳೆದೂ ಕೊನೆಗೆ ಮೂಗಿನಲ್ಲಿ ಬಿಡುತ್ತಿದ್ದ. ನಮ್ಮ ಯಜಮಾನರು ಗಲ್ಲಾದಲ್ಲಿ ಕೂತು, "ಬಂದ ನೋಡು ನಿಮ್ಮ ಸಂಗೀತ ವಿದ್ವಾಂಸ" ಅನ್ನುತ್ತಿದ್ದರು.

ವ್ಯಾಪಾರದಲ್ಲಿ ನಾವೇನು ಸಾಚಾಗಳಲ್ಲ. ನಮ್ಮತ್ತೆ ಒಮ್ಮೆ ಎಮ್ಮೆ ಬಾಲದ ಕೂದಲನ್ನು ನಡುವೆ ಸುತ್ತಿ, ಮೇಲೆ ನನ್ನ ಕೂದಲು ಹೊದಿಸಿ, ದೊಡ್ಡ ಉಂಡೆ ಮಾಡಿ ಕೊಟ್ಟಿದ್ದರು. ಹುಲಿಗೆಪ್ಪ ಅಂಗೈಯಲ್ಲಿ ಇಟ್ಟುಕೊಂಡು ಎರಡು ಸಲ ಜಗ್ಗಿ ನೋಡಿದ. "ಅಮ್ಮಾರೆ, ಇದು ಯಾರ್ ಕೂದ್ಲು? ದಿನಾ ಎಷ್ಟ್ ಲೀಟರ್ ಹಾಲ್ ಕೊಡ್ತಾರ್ರೀ ಇವರು?" ಅಂದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ, ಅವರು ಬಲು ಬಿಗಿಯ ಹೆಂಗಸು.

ನನ್ನನ್ನು ಅವನು ಅಕ್ಕಾರೆ ಅನ್ನುತ್ತಿದ್ದ. ನನ್ನ ತವರು ಕುಬಟೂರಿನ ಕಡೆ. ತಿಂಗಳಿಗೊಮ್ಮೆ ಅವನು ಅಲ್ಲಿಗೂ ಹೋಗುತ್ತಿದ್ದ, ನಮ್ಮ ಅವ್ವನ ಸುದ್ದಿ ತರುತ್ತಿದ್ದ. "ನಿಮ್ಮವ್ವಾರಿಗೆ ಮಂಡಿನೋವು ಐತ್ರೀ, ಆದ್ರೆ ಬಾಯಿಗೇನೂ ಆಗಿಲ್ಲ" ಅಂತ ವರದಿ. ಫೋನು ಬಂದ ಮೇಲೂ ಅವ್ವ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುವಳು, ನಿಜ ಗೊತ್ತಾಗುತ್ತಿದ್ದುದು ಹುಲಿಗೆಪ್ಪನಿಂದ. ತಲೆ ಬೆಳ್ಳಗಾಗತೊಡಗಿದಾಗ ನನ್ನ ಉಂಡೆ ನೋಡಿ, "ಬಿಳಿ ಕೂದ್ಲಿಗೆ ಅರ್ಧ ರೇಟು ಅಕ್ಕಾರೆ, ಬೇಜಾರ್ ಮಾಡ್ಕೋಬ್ಯಾಡ್ರಿ" ಅಂದಿದ್ದ. ಕೈಗೆ ಸಿಕ್ಕ ಪೊರಕೆ ಎತ್ತಿ ತೋರಿಸಿದ್ದೆ.

ಅವನ ಜನ ಹಿಂದೆ ಕೆರೆ ಏರಿಯ ಕೆಳಗೆ ಟೆಂಟು ಹಾಕಿಕೊಂಡು ಇದ್ದವರು. ನನ್ನ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೇ ಅವರಿಗೆ ಊರ ಹೊರಗೆ ಕಾಲೋನಿ ಆಯಿತು, ಗೋಡೆ ಬಂತು, ಶೀಟು ಬಂತು, ಕರೆಂಟು ಬಂತು. ಆದರೂ ಊರವರ ಬಾಯಲ್ಲಿ ಅವರು ಇವತ್ತಿಗೂ "ಟೆಂಟಿನೋರು". ಊರಲ್ಲಿ ಒಂದು ಚೊಂಬು ಕಳೆದರೂ ಪೊಲೀಸ್ ಜೀಪು ಮೊದಲು ತಿರುಗುತ್ತಿದ್ದುದು ಅತ್ತ ಕಡೆಗೇ. ಇದು ನಮಗೆಲ್ಲ ಗೊತ್ತಿತ್ತು, ಬಸ್ಸಿನ ಟೈಮು ಗೊತ್ತಿರುವ ಹಾಗೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ.

ಈಗ ಪ್ರವೀಣನ ವಿಷಯ ಹೇಳಬೇಕು. ಪ್ರವೀಣ ನನ್ನ ಮೈದುನನ ಮಗ, ನಮ್ಮ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ ಅವರ ಗೊಬ್ಬರದ ಅಂಗಡಿ. ಒಳ್ಳೆಯ ಹುಡುಗ, ಸ್ವಲ್ಪ ಮುಂಗೋಪಿ. ಕೆಲವು ವರ್ಷಗಳ ಹಿಂದೆ ಅಂಜನಾಪುರದ ಕಡೆಯಿಂದ ಮೂವರು ಒಂದೇ ಬೈಕಿನಲ್ಲಿ, ಸ್ವಲ್ಪ ಹಾಕಿಕೊಂಡೇ, ಬರುತ್ತಿದ್ದರು. ಪೊಲೀಸರು ನಿಲ್ಲಿಸಿದರು. ಇವನು ಪೇದೆಯ ಕೊರಳಪಟ್ಟಿಗೆ ಕೈ ಹಾಕಿದ. ಠಾಣೆಗೆ ಎಳೆದುಕೊಂಡು ಹೋಗಿ ಬಾರಿಸಿದರು. ಯಾವ ಠಾಣೆ, ಯಾರು ಸಾಹೇಬರು ಅಂತ ಹೇಳಿ ಈಗ ಏನಾಗಬೇಕಿದೆ, ಬಿಡಿ. ಹುಡುಗ ಮನೆಗೆ ಬಂದಾಗ ಬಲಗೈ ಮಣಿಕಟ್ಟು ಮುರಿದು ಬದನೆಕಾಯಿಯಷ್ಟು ಊದಿತ್ತು, ಬೆನ್ನ ಮೇಲೆ ನೀಲಿ ಬಾಸುಂಡೆ. ನಾನು ಅರಿಶಿನ ಹಚ್ಚುತ್ತಾ ಅತ್ತುಬಿಟ್ಟೆ. ಹೆತ್ತವಳಲ್ಲದಿದ್ದರೂ ಎತ್ತಿ ಆಡಿಸಿದವಳು ನಾನು.

ಮಾರನೆಯ ದಿನ ಊರಿಗೆ ಊರೇ ಬಂದ್! ಬೀದಿಯಲ್ಲಿ ಟೈರು ಸುಟ್ಟರು, ಸೊರಬದ ಬಸ್ಸು ಶಿಕಾರಿಪುರದ ಕಡೆಯೇ ನಿಂತಿತು. ತೊಗರ್ಸಿಯಿಂದ ಕೂಡ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಮೈಕಿನಲ್ಲಿ ಒಬ್ಬರಾದ ಮೇಲೆ ಒಬ್ಬರು "ನಮ್ಮ ಮನೆ ಮಗನ ಮೇಲೆ ಕೈ ಮಾಡಿದ್ದಾರೆ" ಅಂದರು. ನಾನು ದೊಡ್ಡ ಬೋಗುಣಿಯಲ್ಲಿ ಒಗ್ಗರಣೆ ಮಂಡಕ್ಕಿ ಕಲಸಿ ಕಲಸಿ ಸುಸ್ತಾದೆ. ಅವತ್ತು ಆ ಗದ್ದಲದಲ್ಲಿ ಒಬ್ಬನೇ ಒಬ್ಬನೂ, ಹುಡುಗ ಏನು ಮಾಡಿದ್ದ ಅಂತ ಕೇಳಲಿಲ್ಲ. ಕೊರಳಪಟ್ಟಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಏನೇ ಮಾಡಿರಲಿ, ಹಾಗೆ ಹೊಡೆಯಬಹುದಾ ಅಂತಲೇ ಎಲ್ಲರೂ ಕೇಳಿದರು. ಸರಿಯಾದ ಮಾತೇ ಅದು. ಈಗಲೂ ಸರಿ ಅಂತಲೇ ಹೇಳುತ್ತೇನೆ.

ಅಷ್ಟರಲ್ಲಿ ಹುಲಿಗೆಪ್ಪ ಎಂದಿನಂತೆ ಸೈಕಲ್ಲು ತಳ್ಳಿಕೊಂಡು ಬಂದ. ಬೀದಿ ನೋಡಿ ಕೂಗು ಬಾಯಲ್ಲೇ ಉಳಿಯಿತು. ಮೆರವಣಿಗೆ ಹೊರಡಬೇಕು, ತೋಳಿಗೆ ಕಟ್ಟಲು ಕಪ್ಪು ಪಟ್ಟಿ ಇಲ್ಲ, ಬಟ್ಟೆ ಅಂಗಡಿಗೆ ಬೀಗ. ಎಲ್ಲರೂ ಮಿಕಿಮಿಕಿ ನೋಡುತ್ತಾ ನಿಂತಿದ್ದರು. ಹುಲಿಗೆಪ್ಪ ತನ್ನ ಪೆಟ್ಟಿಗೆ ತೆಗೆದು ಕಪ್ಪು ಟೇಪಿನ ಉಂಡೆ ಹೊರಗೆ ಹಾಕಿದ. ನಮ್ಮ ಹುಡುಗಿಯರು ಶಾಲೆಗೆ ಹೋಗುವಾಗ ಎರಡು ಜಡೆಗೆ ಕಟ್ಟುತ್ತಿದ್ದರಲ್ಲ, ಅದೇ ಟೇಪು. ಗೇಣು ಗೇಣು ಅಳೆದು, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಒಬ್ಬೊಬ್ಬರ ಕೈಗೂ ಕೊಟ್ಟ. ಉಂಡೆ ಪೂರ್ತಿ ಮುಗಿಯಿತು. ಯಜಮಾನರು ದುಡ್ಡು ಕೊಡಲು ಹೋದರೆ ಕೈಮುಗಿದು, "ಏ ಬಿಡ್ರೀ ಯಜಮಾನ್ರೆ, ಹುಡುಗ್ರ ಕೈ ಮುರ್ದಾರಂದ್ರೆ ನಮಗೇನ್ ಹೊಟ್ಟಿ ಉರಿಯಂಗಿಲ್ಲೇನು?" ಅಂದ. ತಾನೂ ಒಂದು ತುಂಡು ತೋಳಿಗೆ ಕಟ್ಟಿಕೊಂಡು ಮೆರವಣಿಗೆಯ ಕಟ್ಟಕಡೆಯಲ್ಲಿ ಸೈಕಲ್ಲು ತಳ್ಳುತ್ತಾ ನಡೆದ.

ಆ ವಾರದಲ್ಲೇ ಸಾಹೇಬರಿಗೆ ವರ್ಗ ಆಯಿತು. ಪ್ರವೀಣನ ಕೈಗೆ ರಾಡು ಹಾಕಿದರು, ಕೂಡಿಕೊಂಡಿತು. ಯಜಮಾನರು ತಮ್ಮ ತೋಳಿನ ಟೇಪನ್ನು ಬಿಸಾಡಲಿಲ್ಲ, ಯಾವುದನ್ನೂ ಬಿಸಾಡದ ಜೀವ ಅದು. ಅಂಗಡಿಯ ಶೆಟರು ಎಳೆಯುವ ಕೊಕ್ಕೆಕೋಲನ್ನು ಮೊಳೆಗೆ ನೇತುಹಾಕಲು ಆ ಟೇಪಿನದೇ ಕುಣಿಕೆ ಮಾಡಿದರು.

ಶೆಟರಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಪೇಟೆ ಬೀದಿಯಲ್ಲಿ ಒಂದು ಪದ್ಧತಿ. ಯಾರ ಹೆಣ ಬೀದಿಯಲ್ಲಿ ಹೋದರೂ ಅಂಗಡಿಯವರು ಶೆಟರನ್ನು ಅರ್ಧಕ್ಕೆ ಎಳೆದು, ವ್ಯಾಪಾರ ನಿಲ್ಲಿಸಿ, ಹೊರಗೆ ಬಂದು ನಿಲ್ಲುತ್ತಾರೆ. ಮುಂದಕ್ಕೆ ಹೋದ ಮೇಲೆ ಮತ್ತೆ ಮೇಲಕ್ಕೆ. ಸತ್ತವರ ಪರಿಚಯ ಇರಬೇಕೆಂದಿಲ್ಲ. ಬಡವರು ಬಲ್ಲಿದರು ಎಲ್ಲರಿಗೂ ಒಂದೇ ಅಂತ ನಾವು ಹೊಸಬರ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಿದ್ದೆವು. ನನ್ನತ್ತೆಗೆ ಹಾಗೆ ಇಡೀ ಬೀದಿ ನಿಂತಾಗ ನನಗೆ ಅಳುವಿನ ನಡುವೆಯೂ ಒಂದು ಸಮಾಧಾನ ಆಗಿತ್ತು.

ಪ್ರವೀಣನ ಕೈ ವಾಸಿಯಾಗಿ ವರ್ಷ ಕಳೆದಿರಬಹುದು. ಅಂಜನಾಪುರದ ರಸ್ತೆಯಲ್ಲಿ ಯಾರೋ ಟೀಚರಮ್ಮನ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಜೀಪು ಕಾಲೋನಿಗೆ ಹೋಯಿತು. ಹುಲಿಗೆಪ್ಪ ಮನೆಮನೆಗೆ ತಿರುಗುವವನು, ಯಾರ ಕೊರಳಲ್ಲಿ ಏನಿದೆ ಅವನಿಗೆ ಗೊತ್ತು ಅಂತ ಅವನನ್ನು ಹತ್ತಿಸಿಕೊಂಡರು. ಸೈಕಲ್ಲು ಕಾಲೋನಿಯ ಬೇವಿನ ಮರಕ್ಕೆ ಒರಗಿದ್ದು ಹಾಗೇ ಉಳಿಯಿತು. ಅವನ ಹೆಂಡತಿ ದುರ್ಗವ್ವ ಠಾಣೆಯ ಗೇಟಿನ ಹೊರಗೆ ಕೂತು ಕೂತು ಎದ್ದು ಬಂದಳು. ಕೊನೆಗೆ ಅವನನ್ನು ಬಿಟ್ಟಾಗ ಇಬ್ಬರು ಹೊತ್ತು ತಂದರು. ಕೂತುಕೊಳ್ಳಲು ಆಗುತ್ತಿರಲಿಲ್ಲವಂತೆ, ಉಚ್ಚೆಯಲ್ಲಿ ರಕ್ತ ಹೋಗುತ್ತಿತ್ತಂತೆ. ದೊಡ್ಡಾಸ್ಪತ್ರೆಗೆ ಸೇರಿಸಿದರು, ಅಲ್ಲೇ ತೀರಿಕೊಂಡ. ಆ ಸರ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಸಾವಿನ ಸುದ್ದಿ ಬಂದ ಬೆಳಿಗ್ಗೆ ನಡೆದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಏನೋ ಮಾಡಿರ್ತಾನೆ ಬಿಡ್ರಿ. ಸುಮ್‌ಸುಮ್ನೆ ಹೊಡೀತಾರಾ?" "ಟೆಂಟಿನೋರು, ನಂಬಂಗಿಲ್ಲ." "ಮೊದ್ಲೇ ಕಾಯಿಲೆ ಇತ್ತಂತೆ." ಆಮೇಲೆ ಶುಂಠಿ ರೇಟಿನ ಮಾತಿಗೆ ಹೋದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಾ ನಿಂತಿದ್ದೆ. ಇವರೇ ಅಲ್ಲವೇ, ತೋಳಿಗೆ ಅವನ ಟೇಪು ಕಟ್ಟಿಕೊಂಡು ಕೂಗಿದವರು! ಅವನು ಕದ್ದಿರಲಿಲ್ಲ ಅಂತ ನಾನು ಆಣೆ ಹಾಕಬಲ್ಲೆ. ಆದರೆ ಆಣೆ ಹಾಕುವ ಪ್ರಮೇಯವಾದರೂ ಯಾಕೆ ಬರಬೇಕು? ಕದ್ದೇ ಇದ್ದ ಅಂತಿಟ್ಟುಕೊಳ್ಳಿ. ಆ ಏಟಿಗೆ ಹಾಗಾದರೆ ಲೆಕ್ಕ ಬೇರೆಯಾ?

ಮಧ್ಯಾಹ್ನ ದುರ್ಗವ್ವ ಹಿತ್ತಲ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ. ಕೂತ್ಕೋ ಅಂದರೆ ಕೂರಲಿಲ್ಲ.

"ಅಮ್ಮಾರೆ, ಸಂಜಿಗೆ ಹೆಣ ಬರ್ತೈತ್ರಿ. ಕೆರಿ ಏರಿ ಮ್ಯಾಲೆ ಹಂಗೇ ಒಯ್ದು ಮಣ್ಣು ಮಾಡ್ರಿ ಅಂತಾರ ಪೊಲೀಸ್ರು. ನಾನು ಒಲ್ಲೆ ಅಂದೀನಿ. ಪ್ಯಾಟಿ ಬೀದ್ಯಾಗೇ ಒಯ್ತೀವಿ."

"ಹೂಂ, ಒಯ್ಯಿರಿ" ಅಂದೆ.

"ನನಗೆ ದುಡ್ಡು ಕಾಸು ಬ್ಯಾಡ್ರಿ. ಕೇಸು ಗೀಸು ನಮ್ಮ ಕೈಲಾಗಲ್ಲ. ಬಾಗ್ಲು ಅರ್ಧ ಎಳೀಬೇಕ್ರೀ ಎಲ್ಲಾರೂ. ಎಲ್ಲಾರ್ಗೂ ಎಳೀತೀರಲ್ರೀ. ಕಳ್ಳನ್ನ ಒಯ್ದಂಗ ಒಯ್ಬಾರ್ದು ಅವರ್ನ. ನಿಮ್ಮ ಯಜಮಾನ್ರು ಒಂದ್ ಮಾತು ಹೇಳಿದ್ರೆ ಬೀದಿ ಕೇಳ್ತೈತ್ರಿ."

ಅಷ್ಟು ಹೇಳಿ ಹೋದಳು. ನಾನು ಊಟಕ್ಕೆ ಬಡಿಸುತ್ತಾ ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ನಿಮಗೆ ಹಾಗನ್ನಿಸಬಾರದು. ಬೀದಿನಾಯಿಗೂ ಬಿಸ್ಕತ್ತು ಹಾಕುವ ಮನುಷ್ಯ. ಅನ್ನ ಕಲಸುತ್ತಾ ಕಲಸುತ್ತಾ, "ಪಾಪ, ಒಳ್ಳೆಯವನೇ ಇದ್ದ. ಆದ್ರೆ ಈಗ ಶೆಟರ್ ಎಳೆದ್ರೆ ಠಾಣೆಯವರ ಎದುರು ನಿಂತಂಗೆ ಆಗುತ್ತೆ ಕಣೇ. ನಾಳೆ ನಮಗೂ ಅವರ ಹತ್ರ ಕೆಲಸ ಬೀಳುತ್ತೆ" ಅಂದರು. "ಪ್ರವೀಣಂಗೆ ಎಳೆದಾಗ ಯಾರ ಎದುರು ನಿಂತಿದ್ರಿ?" ಅಂದೆ. "ಅದು ಬೇರೆ" ಅಂದರು. ನಾನು ಮಜ್ಜಿಗೆ ಹಾಕಿದೆ.

ಪ್ರವೀಣ ಆ ಹೊತ್ತಿಗೆ ನಮ್ಮ ಅಡುಗೆಮನೆಗೆ ಬಂದು ಅಕ್ಕಿ ಡಬ್ಬದ ಮೇಲೆ ಕೂತ. ಚಿಕ್ಕವನಿದ್ದಾಗ ಅಪ್ಪನ ಬೈಗುಳ ತಪ್ಪಿಸಿಕೊಳ್ಳಲು ಕೂರುತ್ತಿದ್ದ ಜಾಗ. "ದೊಡ್ಡಮ್ಮ, ಅಲ್ಲಿ ಹೆಂಗಿರುತ್ತೆ ಅಂತ ನಂಗೊತ್ತು. ಒಬ್ಬ ಹೊಡೀತಿರ್ತಾನೆ, ಮೂಲೇಲಿ ಇನ್ನೊಬ್ಬ ಟೀ ಕುಡೀತಿರ್ತಾನೆ. ನಂಗೆ ಅರ್ಧ ಗಂಟೆಗೇ ಜೀವ ಹೋಗಂಗಾಗಿತ್ತು. ಅಪ್ಪಂದು ಫೋನ್ ಬಂತು, ಬಿಟ್ರು. ಅವನಿಗೆ ಯಾರ ಫೋನು ಬರ್ಬೇಕು?" ಅಂದ. ರಾಡು ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗಳಗಳ ಅತ್ತುಬಿಟ್ಟ. "ಹಾಗಾದ್ರೆ ಬೀದಿಗೆ ಬಾರೋ, ನೀನೇ ಮೊದಲು ಎಳಿ" ಅಂದೆ. ಮುಖ ಒರೆಸಿಕೊಂಡು, ಸೊರಬದಲ್ಲಿ ಗೊಬ್ಬರದ ಲೋಡಿನ ಕೆಲಸ ಇದೆ ಅಂತ ಬೈಕು ಹತ್ತಿದ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಠಾಣೆಯ ಭಯ ಹುಡುಗನ ಮೂಳೆಯಲ್ಲಿ ಕೂತಿತ್ತು.

ಅವತ್ತು ಸಂತೆ. ಬೀದಿ ತುಂಬ ಜನ. ಹೆಣ ಬಂದಾಗ ತಮಟೆ ಇರಲಿಲ್ಲ, ಭಜನೆ ಇರಲಿಲ್ಲ. ಕಾಲೋನಿಯ ಒಂದು ಹಿಡಿ ಜನ, ಹಿಂದೆ ಒಂದು ಜೀಪು, ಚಟ್ಟದ ಪಕ್ಕದಲ್ಲೇ ದುರ್ಗವ್ವ. ಬೀದಿಯ ತಲೆಯ ಬಟ್ಟೆ ಅಂಗಡಿಯವರು ಬೆನ್ನು ತಿರುಗಿಸಿ ಸೀರೆ ಮಡಚತೊಡಗಿದರು. ಬೇಕರಿಯವರು ಟಿವಿ ನೋಡಿದರು. ಪಾತ್ರೆ ಅಂಗಡಿಯವರಿಗೆ ಅದೇ ಹೊತ್ತಿಗೆ ಒಳಗೆ ಏನೋ ಹುಡುಕುವುದಿತ್ತು. ಒಂದೇ ಒಂದು ಶೆಟರು ಸದ್ದು ಮಾಡಲಿಲ್ಲ. ನಮ್ಮ ಯಜಮಾನರು ಯಾರಿಗೋ ಬೇಳೆ ತೂಗುತ್ತಿದ್ದರು, ತಕ್ಕಡಿ ನಿಂತರೂ ಅದನ್ನೇ ನೋಡುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ಬಂದವಳೇ ಮೊಳೆಯಿಂದ ಕೊಕ್ಕೆಕೋಲು ತೆಗೆದೆ. ಹುಟ್ಟಿದಾಗಿನಿಂದ ಶೆಟರು ಎಳೆದವಳಲ್ಲ ನಾನು, ಅದು ಗಂಡಸರ ಕೆಲಸ. ಕೊಕ್ಕೆ ಸಿಕ್ಕಿಸುವುದಕ್ಕೇ ಮೂರು ಸಲ ತಪ್ಪಿತು. ಸಿಕ್ಕ ಮೇಲೆ ಜೋತುಬಿದ್ದೆ ನೋಡಿ, ಈ ದಪ್ಪ ಮೈಯೆಲ್ಲ ಹಾಕಿ. ಶೆಟರು ಕಿರ್ರೆಂದು ಕಾಲುಭಾಗ ಇಳಿದು ಕಚ್ಚಿಕೊಂಡಿತು. ಸಂತೆಗೆ ಬಂದವರು ಯಾರೋ ಕಿಸಕ್ಕೆಂದರು. ಯಜಮಾನರು ಗಲ್ಲಾ ಬಿಟ್ಟು ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡರು. ಎಳೆಯುತ್ತಾರೆ ಅಂತ ಒಂದು ಕ್ಷಣ ನನಗೆ ಅನ್ನಿಸಿತು. ತಳ್ಳುತ್ತಾರೆ ಅಂತಲೂ ಅನ್ನಿಸಿತು. ಅವರು ಎರಡೂ ಮಾಡಲಿಲ್ಲ. ಕೋಲು ಹಿಡಿದುಕೊಂಡು, ಜೀಪು ನೋಡುತ್ತಾ ನಿಂತರು. ಹೆಣ ಮುಂದಕ್ಕೆ ಹೋಯಿತು.

ಅದಾದ ಮೇಲೆ ನಮ್ಮ ಬೀದಿಯಲ್ಲಿ ಆ ಕೂಗು ಕೇಳಲಿಲ್ಲ. ವ್ಯಾಪಾರ ಈಗ ದುರ್ಗವ್ವನೇ ಮಾಡುತ್ತಾಳೆ, ಹೆಗಲಿಗೆ ಚೀಲ ಹಾಕಿಕೊಂಡು ತೊಗರ್ಸಿಯವರೆಗೂ ಹೋಗುತ್ತಾಳಂತೆ. ಪೇಟೆ ಬೀದಿ ಬಂದರೆ ಮಾತ್ರ ಬಾಯಿ ಮುಚ್ಚಿಕೊಂಡು ದಾಟುತ್ತಾಳೆ. ನಮ್ಮ ಸಂದಿಯ ಉಂಡೆಗಳು ಹಾಗೇ ಧೂಳು ಹಿಡಿದು ಕೂತವು.

ಮೊನ್ನೆ ಟಿವಿಯಲ್ಲಿ ಯಾವುದೋ ದೂರ ದೇಶದ ಸುದ್ದಿ. ಪೊಲೀಸರು ಒಬ್ಬ ಕರಿಯ ಮನುಷ್ಯನನ್ನು ಹೊಡೆದು ಕೊಂದರಂತೆ. ಅಲ್ಲಿಯ ಬಿಳಿಯರಲ್ಲಿ ಕೆಲವರು, ಅವನೂ ಏನೋ ಮಾಡಿರಬೇಕು ಅಂದರಂತೆ. ನಮ್ಮ ಯಜಮಾನರು ಮಂಡಕ್ಕಿ ಮೆಲ್ಲುತ್ತಾ, "ಛೆ ಛೆ, ಎಂಥ ಜನ ನೋಡು. ಚರ್ಮದ ಬಣ್ಣ ನೋಡಿ ಅಯ್ಯೋ ಅನ್ನೋದಾ?" ಅಂದರು. ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿತ್ತು. ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು ಅಂತ ಕಾಣುತ್ತದೆ, ಇವತ್ತು ಸೊಸೆ ಡಸ್ಟ್‌ಬಿನ್ ಅಂದಾಗ ತಡೆಯಲಾಗಲಿಲ್ಲ. ಸಂದಿಯಲ್ಲಿದ್ದ ಉಂಡೆಗಳನ್ನೆಲ್ಲ ಕಿತ್ತು, ಕೊಡವಿ, ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಕಾಲೋನಿಗೆ ಹೊರಟೆ. ಇಷ್ಟು ವರ್ಷ ಈ ಊರಲ್ಲಿದ್ದು ಆ ಕಡೆಗೆ ಕಾಲಿಟ್ಟಿದ್ದು ಇದೇ ಮೊದಲು.

ದುರ್ಗವ್ವ ಬಾಗಿಲಲ್ಲಿ ಕೂತು ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಒಂದು ಗೋಣಿ ಹಾಸಿದಳು. ಕವರು ಕೈಗೆ ತೆಗೆದುಕೊಂಡು ಉಂಡೆಗಳನ್ನು ಒಂದೊಂದಾಗಿ ಹಿಂಜಿ ನೋಡಿದಳು. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. "ದುರ್ಗವ್ವ, ಅವತ್ತು ನಮ್ಮ ಅಂಗಡಿ ಶೆಟರು ನೋಡ್ದ್ಯಾ?"

"ನೋಡಿದ್ನಿರಿ."

ಒಂದು ಉಂಡೆ ಬಿಡಿಸಿದ ಮೇಲೆ, "ಇಳೀತಿತ್ತೋ ಏರ್ತಿತ್ತೋ ತಿಳೀಲಿಲ್ಲ ನೋಡ್ರಿ" ಅಂದಳು.

ಸಿಟ್ಟಿನಿಂದ ಹೇಳಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳು ನಿಜವಾಗಿಯೂ ತಿಳಿಯದವಳಂತೆ ಹೇಳಿದಳು. ಆಮೇಲೆ ಅವಳು ಪೆಟ್ಟಿಗೆ ತೆಗೆದು, "ಏನ್ ಕೊಡ್ಲಿರಿ? ಪಿನ್ನು ಕೊಡ್ಲಾ?" ಅಂದಳು. ಅದೇ ಪೆಟ್ಟಿಗೆ, ಮುಚ್ಚಳದ ಒಳಗೆ ಅವನು ಅಂಟಿಸಿದ್ದ ದೇವರ ಪಟ ಮಾಸಿತ್ತು.

"ಟೇಪು ಕೊಡು. ಕಪ್ಪು."

"ಕಪ್ಪು ಇಲ್ಲಲ್ರೀ ಅಮ್ಮಾರೆ. ಅವತ್ತು ನಿಮ್ಮ ಹುಡುಗ್ರ ಮೆರವಣಿಗಿಗೆ ಇದ್ದಿದ್ದೆಲ್ಲಾ ಕೊಟ್ಟು ಬಂದ್ರಲ್ಲ, ಆಮ್ಯಾಲೆ ಅವರು ತರ್ಲಿಲ್ಲ. ಈಗಿನ ಹುಡುಗ್ಯಾರು ಕಟ್ಟಂಗಿಲ್ಲ, ನಾನೂ ತರ್ಲಿಲ್ಲ. ಅವರು ಹೋದಾಗ ನಮ್ಮ ಹುಡುಗ್ರು ತೋಳಿಗೆ ಕಟ್ಕೋತೀವಿ ಅಂತ ಪೆಟ್ಟಿಗಿ ಎಲ್ಲಾ ಹುಡುಕಿದ್ರು. ಒಂದು ತುಂಡೂ ಇರ್ಲಿಲ್ರಿ." ನನ್ನ ಅಂಗೈಯಲ್ಲಿ ನಾಲ್ಕು ಹೇರ್‌ಪಿನ್ನು ಇಟ್ಟಳು. "ಬಿಳಿ ಕೂದ್ಲಿಗೆ ಅರ್ಧ ರೇಟ್ರಿ" ಅಂದಳು.

ದಾರಿಯುದ್ದಕ್ಕೂ ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ಮನೆಯೊಳಗೆ ಹೋಗದೆ ನೇರ ಅಂಗಡಿಗೆ ಹೋದೆ. ಕೊಕ್ಕೆಕೋಲು ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಕುಣಿಕೆ ಗಂಟುಗಟ್ಟಿ ಎಣ್ಣೆ ಜಿಡ್ಡಾಗಿತ್ತು, ಉಗುರಿಗೆ ಬಗ್ಗಲಿಲ್ಲ, ಒಂದು ಪಿನ್ನು ಚುಚ್ಚಿ ಬಿಡಿಸಿದೆ. ಒಂದು ತುದಿ ಇನ್ನೂ ಅಂಕುಡೊಂಕಾಗಿತ್ತು, ಅವನು ಹಲ್ಲಿನಲ್ಲಿ ಕಚ್ಚಿದ್ದು. ಕುಪ್ಪಸದ ತೋಳಿನ ಮೇಲೆ ಅದನ್ನು ಸುತ್ತಿ, ಇನ್ನೊಂದು ತುದಿ ಹಲ್ಲಿನಲ್ಲಿ ಹಿಡಿದು ಗಂಟು ಹಾಕಿಕೊಂಡೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಯಜಮಾನರು ಕನ್ನಡಕ ಮೇಲಕ್ಕೆತ್ತಿ, "ಏನೇ ಅದು? ಯಾರು ಹೋದ್ರು?" ಅಂದರು.

"ಹುಲಿಗೆಪ್ಪ" ಅಂದೆ.